ವೃದ್ಧಾಶ್ರಮಕ್ಕೆ ಸೆನ್ಸರ್ ಬೇಕಾ, ಮೊದ್ಲು ರಿಜಿಸ್ಟರ್ ಓದ್ಬೇಕಾ?

ಪ್ರಶ್ನೆ: ಶಿರಸಿ ಹತ್ರ ವೃದ್ಧಾಶ್ರಮ ನಡೆಸ್ತಾ ಇದೀವಿ, 28 ಜನ ಹಿರಿಯರಿದಾರೆ. ಮಳೆ ಶುರುವಾದ್ಮೇಲೆ ಬೀಳೋದು ಜಾಸ್ತಿ ಆಗಿದೆ, ಜೂನಲ್ಲೇ 6 ಸಲ. ಒಬ್ರು ಬಂದು ಬಿದ್ರೆ ಅಲಾರಾಂ ಹೊಡೆಯೋ ಸೆನ್ಸರ್, ಅದರ ಲೆಕ್ಕ ಪರದೆ ಮೇಲೆ ತೋರ್ಸೋ ಡ್ಯಾಶ್‌ಬೋರ್ಡ್, ಡೇಟಾ ಅನಾಲಿಟಿಕ್ಸ್ ಎಲ್ಲ ಹಾಕ್ಕೊಡ್ತೀವಿ ಅಂದ್ರು, ರೇಟು ಕೇಳಿ ತಲೆ ತಿರುಗ್ತು. ನಮ್ಮತ್ರ ಇರೋದು ಮಾತ್ರೆ ಪುಸ್ತಕ, ನೈಟ್ ಡ್ಯೂಟಿ ರಿಜಿಸ್ಟರು ಅಷ್ಟೇ. ಏನ್ ಮಾಡೋದು ಸರ್?

ಉತ್ತರ: ಮಾರಾಯ್ರೆ, ಆ ಎರಡು ಪುಸ್ತಕ ಇದೆಯಲ್ಲ, ಅದೇ ನಿಮ್ಮ ಡೇಟಾ. 6 ಸಲ ಬಿದ್ರು ಅಂತ ಬರ್ದಿದೀರಿ, ಎಷ್ಟೊತ್ತಿಗೆ ಎಲ್ಲಿ ಅಂತ ಬರ್ದಿಲ್ಲ. ಒಬ್ಬರೇ ನಾಲ್ಕು ಸಲ ಬಿದ್ರಾ, ಆರು ಜನ ಒಂದೊಂದು ಸಲ ಬಿದ್ರಾ? ಎರಡೂ ಬೇರೆ ಬೇರೆ ಕಥೆ. ಗಂಟೆ, ಜಾಗ, ಏನ್ ಮಾಡ್ತಿದ್ರು, ಕಾಲಲ್ಲಿ ಏನಿತ್ತು, ಆವತ್ತು ಯಾವ ಮಾತ್ರೆ ಕೊಟ್ಟಿದ್ರಿ ಇಷ್ಟನ್ನ ಎಕ್ಸೆಲ್‌ಗೆ ಹಾಕಿ ಗಂಟೆ ಪ್ರಕಾರ ಜೋಡಿಸಿ ನೋಡಿ. ಎಲ್ಲ ಹಗಲಲ್ಲಿ, ಅಂಗಳದಲ್ಲಿ ಆಗಿದ್ರೆ ಹಾವಸೆ ತಿಕ್ಕಿಸಿ, ಚಪ್ಪಲಿ ಬದಲಿಸಿ, ಮುಗೀತು. ಆದ್ರೆ ರಾತ್ರಿ ಎರಡರಿಂದ ನಾಲ್ಕರೊಳಗೆ, ಮಂಚದಿಂದ ಬಚ್ಚಲಿಗೆ ಹೋಗೋ ದಾರಿಲಿ ಆಗಿದ್ರೆ ಮಳೆನ ಬೈಬೇಡಿ, ಮಾತ್ರೆ ಪುಸ್ತಕ ತೆಗೀರಿ. ಕಾಲು ಊತಕ್ಕೆ ಕೊಡೋ ಫ್ಯೂರೋಸೆಮೈಡ್ ಥರದ ನೀರಿನ ಮಾತ್ರೆನ ಸಂಜೆ ಕೊಡ್ತಿದ್ರೆ ರಾತ್ರಿಯೆಲ್ಲ ಎದ್ದು ಹೋಗ್ಲೇಬೇಕಲ್ಲ, ಬೆಳಿಗ್ಗೆಗೆ ಹಾಕ್ಬಹುದಾ ಅಂತ ಡಾಕ್ಟರನ್ನ ಕೇಳಿ (ನೀವೇ ಬದಲಿಸೋಕೆ ಹೋಗ್ಬೇಡಿ). ಜೊತೆಗೆ ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20, ಇಲ್ಲಾ ಕೆಳಗಿನದು 10 ಇಳಿದ್ರೆ ಅದನ್ನೂ ಡಾಕ್ಟರಿಗೆ ಹೇಳಿ.

ತಿಂಗಳಿಂದ ತಿಂಗಳಿಗೆ ಬರೀ ಎಣಿಕೆ ಹೋಲಿಸ್ಬೇಡಿ. ಒಬ್ಬರು ಒಂದು ದಿನ ಇದ್ರೆ ಒಂದು ಅಂತ ಲೆಕ್ಕ ಹಾಕಿ: 28 ಜನ, 30 ದಿನ ಅಂದ್ರೆ 840, ಅದಕ್ಕೆ 6 ಸಲ ಬಿದ್ರೆ ಸಾವಿರಕ್ಕೆ 7.1. ಜುಲೈಲಿ ನಾಲ್ಕು ಜನ ಮನೆಗೆ ಹೋಗಿ 31 ದಿನವೂ 24 ಜನರೇ ಇದ್ದು (ಅಂದ್ರೆ 744), ಆಗ್ಲೂ 6 ಸಲ ಬಿದ್ರೆ ಅದು 8.1, ಅಂದ್ರೆ ಹೆಚ್ಚಾಯ್ತು.

ಇನ್ನೊಂದು, ಬರ್ದಿದ್ದಕ್ಕೆ ಆಯಾನ ಬೈದ್ರೆ ಮುಂದಿನ ತಿಂಗಳು ಪುಸ್ತಕದಲ್ಲಿ ಯಾರೂ ಬೀಳಲ್ಲ, ಬಚ್ಚಲಲ್ಲಿ ಬೀಳ್ತಾನೇ ಇರ್ತಾರೆ. ಸರಿಯಾಗಿ ಬರೆಯೋಕೆ ಶುರು ಮಾಡಿದ ಮೊದಲೆರಡು ತಿಂಗಳು ಅಂಕಿ ಏರುತ್ತೆ, ಹೆದರ್ಬೇಡಿ. ಅಮೆರಿಕಾದಲ್ಲಿ ನರ್ಸಿಂಗ್ ಹೋಮ್ ಅಂದ್ರೆ (ನಮ್ಮಲ್ಲಿಯ ಹಾಗೆ ಸಣ್ಣ ಆಸ್ಪತ್ರೆ ಅಲ್ಲ, ಹಿರಿಯರ ಆರೈಕೆ ಮನೆ) ಪ್ರತಿಯೊಬ್ಬ ಹಿರಿಯರ ಆರೋಗ್ಯದ ವಿವರ ಬರೆಯೋ ಎಂಡಿಎಸ್ ಅನ್ನೋ ಫಾರ್ಮ್ ತುಂಬ್ಬೇಕು, 2008ರಿಂದ ಸರ್ಕಾರ ಸ್ಟಾರ್ ರೇಟಿಂಗೂ ಕೊಡುತ್ತೆ, ಆದ್ರೂ ಬಿದ್ದಿದ್ದು ಪೂರ್ತಿ ದಾಖಲಾಗಲ್ಲ ಅನ್ನೋ ದೂರು ಅಲ್ಲೂ ಇದೆ. ಆ ಫಾರ್ಮಿಂದ ನೀವು ತಗೋಬೇಕಾದ್ದು ತೂಕದ ಲೆಕ್ಕ: ತಿಂಗಳಲ್ಲಿ ನೂರಕ್ಕೆ 5, ಆರು ತಿಂಗಳಲ್ಲಿ 10 ಇಳಿದ್ರೆ ಎಚ್ಚರಿಕೆ. 50 ಕೆಜಿ ಇದ್ದ ಅಜ್ಜಿ ತಿಂಗಳಲ್ಲಿ ಎರಡೂವರೆ ಕೆಜಿ ಇಳಿದ್ರೆ ಡಾಕ್ಟರಿಗೆ ತೋರ್ಸಿ, ಹಲ್ಲಿನ ಸೆಟ್ ಸಡಿಲಾಗಿ ಗಂಜಿ ಬಿಟ್ರೆ ಬೇರೇನೂ ತಿಂತಿಲ್ವಾ ಅಂತನೂ ನೋಡಿ.

ಸೆನ್ಸರ್ ಬೇಡ್ವೇ ಬೇಡ ಅಂತಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋದ್ರೆ ನಡೆಯುತ್ತಾ, ನಾವು ನಿಮ್ಮ ಸೇವೆ ಬಿಡೋವಾಗ ನಮ್ಮ ಡೇಟಾ ಎಕ್ಸೆಲಲ್ಲಿ ಕೊಡ್ತೀರಾ ಅಂತ ಅವರನ್ನ ಕೇಳಿ. ಮೂರು ಗಂಟೆಗೆ ಅಲಾರಾಂ ಹೊಡೆದ್ರೆ ಏಳೋರ್ಯಾರು ಅನ್ನೋದನ್ನ ನಿಮ್ಮನ್ನೇ ಕೇಳ್ಕೊಳ್ಳಿ, ರಾತ್ರಿಗೆ ಒಬ್ಬಳೇ ಆಯಾ ಇದ್ರೆ ಆ ದುಡ್ಡಲ್ಲಿ ಇನ್ನೊಬ್ಬಳನ್ನ ಇಟ್ಕೊಳ್ಳಿ ಅಂತೀನಿ ನಾನು.

ಪ್ರಶ್ನೆ: ಅಮ್ಮ ಕಾರವಾರದ ಒಂದು ಆಶ್ರಮದಲ್ಲಿದಾರೆ. ಎಲ್ಲರ ಶುಗರ್, ಬಿಪಿ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಸರಿನಾ?

ಉತ್ತರ: ಸರಿಯಲ್ಲ. ಡಿಜಿಟಲ್ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಅಮ್ಮನದ್ದು ನನಗೆ ಮಾತ್ರ ಕಳ್ಸಿ ಅಂತ ಅವರಿಗೆ ಹೇಳಿ, ಅದಕ್ಕೂ ಮೊದ್ಲು ಅಮ್ಮನ ಒಪ್ಪಿಗೆ ಕೇಳಿ.