ಗುಳಿಗಿ ಮೊದಲೋ, ಗಿಡ ಮೊದಲೋ?

ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಹವಾಲ್ದಾರರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕ್ಯಾಗ ದವಾಖಾನಿ ಕಸದ ಮ್ಯಾಲ ನಾಕು ಪುಟ ಬರದೀರಿ. ನಂಗ ಸಕ್ರಿ ಬ್ಯಾನಿ. ತಿಂಗಳಿಗೊಮ್ಮಿ ಗುಳಿಗಿ ತರ್ಲಾಕ ಜೀಪ್ ಮಾಡ್ಕೊಂಡು ಶಹರಕ್ಕ ಹೋಗ್ತೀನಿ. ಹೋಗಿ ಬರೂದು ನೂರೈವತ್ತು ಕಿಲೋಮೀಟರ್. ನಮ್ಮಂಥ ಮಿಲಿಟ್ರಿ ಮಂದಿಗಿ ಮೊದಲ ಗುಳಿಗಿ ಸಿಗಲಿ. ಪರಿಸರ ಆಮ್ಯಾಲ ನೋಡಮು."

ಸಾಹೇಬ್ರೇ, ನಿಮ್ಮ ಸಿಟ್ಟು ಸರಿ. ಲೆಕ್ಕ ಮಾತ್ರ ತಪ್ಪಿದೆ. ಜೀಪು ಲೀಟರಿಗೆ 15 ಕಿಲೋಮೀಟರ್ ಕೊಟ್ಟರೂ ನಿಮ್ಮ ಓಡಾಟಕ್ಕೆ 10 ಲೀಟರ್ ಡೀಸೆಲ್ ಬೇಕು. ಒಂದು ಲೀಟರ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಅಂಗಿ ಜೇಬಿನಲ್ಲಿ ಹಿಡಿಯುವಷ್ಟು ಗುಳಿಗೆಗೆ 27 ಕಿಲೋ! ಅದೇ ಗುಳಿಗೆ ಊರಲ್ಲೇ ಸಿಕ್ಕರೆ ನಿಮ್ಮ ಸೊಂಟವೂ ಉಳಿಯಿತು, ಗಾಳಿಯೂ ಉಳಿಯಿತು. ನೀವು ಕೇಳುತ್ತಿರುವುದೂ ನಾನು ಬರೆಯುತ್ತಿರುವುದೂ ಒಂದೇ, ಅಲ್ವಾ? ಹತ್ತು ವರ್ಷದಿಂದ ಬರೆಯುತ್ತಿದ್ದೇನೆ. ಜನ ಪುಟ ತಿರುವಿ ರಾಶಿ ಭವಿಷ್ಯಕ್ಕೆ ಹೋಗುತ್ತಾರೆ.

ಹಾರ್ಟಿಗೆ ಸ್ಟೆಂಟ್ ಹಾಕೋದು ಊರಲ್ಲಿ ಆಗಲ್ಲ. ಅದಕ್ಕೆ ದೊಡ್ಡ ಆಸ್ಪತ್ರೆ, ಎಸಿ, ಒಮ್ಮೆ ಬಳಸಿ ಎಸೆಯುವ ಸಾಮಾನು ಎಲ್ಲ ಬೇಕು. ಒಪ್ಪಿದೆ. ಆದರೆ ತಿಂಗಳ ಬಿಪಿ ನೋಡಿಸಲು ಯಾಕೆ ಅಷ್ಟು ದೂರ? ಮಾಜಿ ಸೈನಿಕರ ಚಿಕಿತ್ಸೆಗಿರುವ ಇಸಿಎಚ್‌ಎಸ್ ಯೋಜನೆ 2003ರ ಏಪ್ರಿಲ್‌ನಲ್ಲಿ ಶುರುವಾಯಿತು. 2021ರ ಮೇ ತಿಂಗಳಲ್ಲಿ ಸೇಹತ್ ಓಪಿಡಿ ಬಂತು. ಸೇವೆಯಲ್ಲಿರುವವರು, ನಿವೃತ್ತರು, ಮನೆಯವರು ಫೋನಿನಲ್ಲೇ ಡಾಕ್ಟರನ್ನು ಕಾಣಬಹುದು. ಚೀಟಿ ಫೋನಿಗೆ ಬರುತ್ತದೆ, ಗುಳಿಗೆ ಬರುತ್ತಾ ಅಂತ ಕೇಳುತ್ತೀರಿ. ನಿಮ್ಮೂರಿಗೆ ಹಾಲಿನ ಗಾಡಿ ಬರುತ್ತದೆ, ಕೆಂಪು ಬಸ್ಸು ಬರುತ್ತದೆ. ಅದರಲ್ಲಿ ಒಂದು ಡಬ್ಬಿ ಗುಳಿಗೆ ಬರಲಾರದಾ?

ಸೈನಿಕರ ಮಾತು ಬಂದಾಗ ನನಗೆ ಫ್ಲಾರೆನ್ಸ್ ನೈಟಿಂಗೇಲ್ ನೆನಪಾಗುತ್ತಾರೆ. ಶಾಲೆ ಪುಸ್ತಕದಲ್ಲಿ ಅವರ ಕೈಗೆ ದೀಪ ಕೊಟ್ಟು ಸುಮ್ಮನಾದೆವು. 1855ರಲ್ಲಿ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನಿಕರ ಆಸ್ಪತ್ರೆಯಲ್ಲಿ ಸಾವು ಇಳಿದದ್ದು ಚರಂಡಿ ಬಳಿದು, ಗಾಳಿ ಆಡುವಂತೆ ಮಾಡಿದ ಮೇಲೆ. ಅವರು ಭಾರತಕ್ಕೆ ಬರಲೇ ಇಲ್ಲ. ಆದರೂ ಇಲ್ಲಿನ ದಂಡುಗಳ ವರದಿ ತರಿಸಿ ಓದಿದರು. ದಂಡಿನ ಆರೋಗ್ಯ ನೋಡಲು ಬ್ರಿಟಿಷರು ನೇಮಿಸಿದ ಆಯೋಗದ 1863ರ ವರದಿ ಪ್ರಕಾರ ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಹೆಚ್ಚಿನವರು ಗುಂಡಿಗಲ್ಲ, ಜ್ವರ-ಭೇದಿಗೆ. ದವಾಖಾನಿ ಬೇರೆ, ಪರಿಸರ ಬೇರೆ ಅಂತ ಆಮೇಲೆ ನಾವೇ ಸುಮ್ನೆ ಗೆರೆ ಎಳೆದುಕೊಂಡೆವು.

ನಮ್ಮ ಕಾಕಾನೂ ಮಿಲಿಟ್ರಿಯಲ್ಲಿದ್ದವರು. ಆಳಂದ ಕಡೆ ಹಳ್ಳಿ. ಮೇ ತಿಂಗಳು, 43 ಡಿಗ್ರಿ ಬಿಸಿಲು. ಕರೆಂಟು ಇರುತ್ತಿರಲಿಲ್ಲ, ಫ್ರಿಜ್ಜು ಇದ್ದೂ ಇಲ್ಲದಂತೆ. ಕಾಕು ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ, ದಿನಕ್ಕೆರಡು ಸಲ ನೀರು ಹಾಕಿ, ಅದರಲ್ಲಿ ಇನ್ಸುಲಿನ್ ಇಡುತ್ತಿದ್ದರು. ಅದೇ ಕಾಕು ಸೂಜಿಗಳನ್ನು ತಿಪ್ಪೆಗೆ ಎಸೆಯುತ್ತಿದ್ದರು. ಗೊಬ್ಬರ ತೊಗರಿ ಹೊಲಕ್ಕೆ ಹೋಯಿತು. ಆಳಿನ ಹಿಮ್ಮಡಿಗೆ ಸೂಜಿ ಚುಚ್ಚಿತು. ಸೂಜಿಗೆ ಬಿಳಿ, ತೂತು ಬೀಳದ ಡಬ್ಬಿ ಇರಬೇಕು ಅಂತ ದವಾಖಾನಿ ಕಸದ 2016ರ ನಿಯಮ ಆಸ್ಪತ್ರೆಗಳಿಗೆ ಹೇಳುತ್ತದೆ. ಕಾಕುಗೆ ಯಾರು ಹೇಳಿದರು?

ಕಾಕಾ ತೀರಿಕೊಂಡ ಮೇಲೆ ಅವರ ಕರಿ ಟ್ರಂಕು ತೆಗೆದೆವು. ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಒಳಗೆ ಕೋಟು, ಅದರ ಕೆಳಗೆ ತಾರೀಕು ಮುಗಿದ ಗುಳಿಗೆ, ಎರಡು ಚೀಲ. ದೂರ ಅಂತ ಮೂರು ತಿಂಗಳದ್ದು ಒಮ್ಮೆಲೇ ತರುತ್ತಿದ್ದರು. ಡಾಕ್ಟರು ಗುಳಿಗೆ ಬದಲಿಸಿದಾಗೆಲ್ಲ ಹಳೆಯದು ಟ್ರಂಕಿಗೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ 2012ರಲ್ಲಿ ಸಂಸತ್ತು ಸಂವಿಧಾನದ 371(ಜೆ) ಕಲಮಿನಡಿ ವಿಶೇಷ ಸ್ಥಾನಮಾನ ಕೊಟ್ಟಿತು. ದುಡ್ಡು ಬಂತು, ಕಟ್ಟಡಗಳೂ ಬಂದವು. ಈ ಬಿಸಿಲಲ್ಲಿ, ಕಿಟಕಿ ತೆಗೆಯಲು ಬಾರದ ಗಾಜಿನ ಕಟ್ಟಡಗಳು! ಬಹಮನಿಗಳ ಕಾಲದಲ್ಲಿ ಬೀದರಿನಲ್ಲಿ ನೆಲದಡಿ ಕರೇಜ್ ತೋಡಿ ನೀರು ಹರಿಸಿದ್ದರು. ಈ ಗಾಜಿನ ಕಟ್ಟಡ ಕಟ್ಟಿದವರ ಕೈಲಿ ಎರಡು ಬೇವಿನ ಮರ ಉಳಿಸಲಾಗಲಿಲ್ಲ. ನಾನು ಹೋಗುವ ಆಸ್ಪತ್ರೆಯ ಮುಂದಿದ್ದವು. ಹಳ್ಳಿಯಿಂದ ಬಂದವರು ರೊಟ್ಟಿ ಬುತ್ತಿ ಬಿಚ್ಚುತ್ತಿದ್ದದ್ದು ಅಲ್ಲೇ. ಪಾರ್ಕಿಂಗ್ ಮಾಡಲು ಕಡಿದರು. ನೀವು ಮಾಡಿಕೊಂಡು ಬರುವ ಜೀಪೂ ಈಗ ಅಲ್ಲೇ ನಿಲ್ಲುತ್ತದೋ ಏನೋ.

— ಸಂ.