ರೆಸಿನ್ ಕಾಕ್‌ಪಿಟ್ ಒಳಗಿಟ್ಟರೆ ಮಾಡೆಲ್ ವಿಮಾನ ಮುಚ್ಚುತ್ತಿಲ್ಲ, ಏನು ಮಾಡಲಿ?

ನಮಸ್ಕಾರ. ನೀವು ಪುಣೆಯಲ್ಲಿ 1/48 ಅಳತೆಯ, ಅಂದರೆ ಅಸಲಿಯ 48ನೇ ಒಂದು ಪಾಲಿನ, ಸೀ ಹ್ಯಾರಿಯರ್ ಯುದ್ಧವಿಮಾನದ ಪ್ಲಾಸ್ಟಿಕ್ ಕಿಟ್ ಕಟ್ಟುತ್ತಿದ್ದೀರಿ. ಪೈಲಟ್ ಕೂರುವ ಜಾಗಕ್ಕೆ ಬೇರೆ ಕಂಪನಿಯವರು ರೆಸಿನ್ನಿನಲ್ಲಿ ಎರಕ ಹೊಯ್ದ ಕಾಕ್‌ಪಿಟ್ ಸೆಟ್ ತರಿಸಿದ್ದೀರಿ. ಅದನ್ನು ಒಳಗಿಟ್ಟರೆ ಫ್ಯೂಸಲಾಜಿನ, ಅಂದರೆ ವಿಮಾನದ ಒಡಲಿನ, ಎರಡು ಹೋಳುಗಳು ಕೂಡುತ್ತಿಲ್ಲ, ಮೂಗಿನ ಹತ್ತಿರ ಬಾಯಿ ಬಿಟ್ಟುಕೊಂಡಿವೆ. ರೆಸಿನ್ ಸೆಟ್ ಬಿಟ್ಟು ಕಿಟ್ಟಿನ ಕಾಕ್‌ಪಿಟ್ಟೇ ಹಾಕಿ ಮುಗಿಸಲಾ ಅಂತ ಕೇಳಿದ್ದೀರಿ.

ಬೇಡ, ಆ ಸೆಟ್ ಬಿಡಬೇಡಿ. ಇಂಥ ಕಡೆ ರೆಸಿನ್‌ಗಿಂತ ಜಾಸ್ತಿ ತೊಂದರೆ ಕೊಡುವುದು ಕಿಟ್ಟಿನ ಪ್ಲಾಸ್ಟಿಕ್ ಗೋಡೆ. ಲೆಕ್ಕ ಹಾಕಿ ನೋಡಿ. ನಿಜವಾದ ವಿಮಾನದ ಹೊರಗಿನ ತಗಡು ಕೆಲವೇ ಮಿಲಿಮೀಟರ್ ದಪ್ಪ. ಕಿಟ್ಟಿನ ಗೋಡೆ 1 ಮಿಲಿಮೀಟರ್ ಇದ್ದರೂ 1/48 ಅಳತೆಯಲ್ಲಿ ಅದು 48 ಮಿಲಿಮೀಟರ್ ಆಯಿತು. ಎರಡೂ ಕಡೆ ಸೇರಿದರೆ ಹತ್ತಿರಹತ್ತಿರ 10 ಸೆಂಟಿಮೀಟರ್ ಅಗಲ ಒಳಗಿನಿಂದ ಹೋಯಿತು. ರೆಸಿನ್ ಮಾಡಿದವರು ಕಾಕ್‌ಪಿಟ್ಟನ್ನು ಅಸಲಿ ಅಗಲಕ್ಕೆ ಹತ್ತಿರ ಮಾಡಿದ್ದರೆ ಅದು ಹೇಗೆ ಹಿಡಿಸೀತು? ಹಾಗಾಗಿ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಕೆರೆಯುವುದೇನಿದ್ದರೂ ಕಣ್ಣಿಗೆ ಬೀಳದ ಕಡೆಯಿಂದಲೇ ಕೆರೆಯಬೇಕು. ಸ್ವಿಚ್ಚು, ಡಯಲ್ಲು ಇರುವ ಮುಖವನ್ನು ಮುಟ್ಟಲೇಬಾರದು. ದುಡ್ಡು ಕೊಟ್ಟದ್ದು ಅದಕ್ಕೇ ಅಲ್ವಾ?

ಬ್ಲೇಡ್ ಹಿಡಿಯುವ ಮೊದಲು ಸೆಟ್ಟಿನ ಲೇಬಲ್ ಒಮ್ಮೆ ಓದಿ. ಬ್ರಿಟನ್ ವಾಯುಪಡೆಯ ಜಿಆರ್ 3 ಹ್ಯಾರಿಯರ್‌ಗೆ ಮಾಡಿದ ಸೆಟ್ ಇದಕ್ಕೆ ಆಗುವುದಿಲ್ಲ. ಸೀ ಹ್ಯಾರಿಯರ್‌ನ ಕಾಕ್‌ಪಿಟ್ಟನ್ನು ಸುಮಾರು 28 ಸೆಂಟಿಮೀಟರ್ ಮೇಲಕ್ಕೆತ್ತಿದ್ದಾರೆ, ಪೈಲಟ್‌ಗೆ ಸುತ್ತಲೂ ಚೆನ್ನಾಗಿ ಕಾಣಲಿ, ಕೆಳಗೆ ಉಪಕರಣಗಳಿಗೆ ಜಾಗ ಸಿಗಲಿ ಅಂತ. ನಿಮ್ಮ ಅಳತೆಯಲ್ಲಿ ಅದು ಹೆಚ್ಚುಕಡಿಮೆ 6 ಮಿಲಿಮೀಟರ್. ಅಷ್ಟು ವ್ಯತ್ಯಾಸವನ್ನು ಅರ ಹಾಕಿ ಸರಿಮಾಡಲು ಆಗುವುದಿಲ್ಲ.

ಲೇಬಲ್ ಸರಿ ಇದ್ದರೆ, ಎಲ್ಲಿ ತಾಗುತ್ತಿದೆ ಅಂತ ಹುಡುಕಬೇಕು. ಇಲ್ಲಿ ಆತುರ ಬೇಡ. ಅಂದಾಜಿನ ಮೇಲೆ ಕೆರೆಯಲು ಹೊರಟರೆ ಬೇಡದ ಕಡೆ ತೂತು ಬೀಳುತ್ತದೆ. ನಾನು ಕಣ್ಣಿಗೆ ಹಚ್ಚುವ ಕಾಡಿಗೆ ಬಳಸುತ್ತೇನೆ. ರೆಸಿನ್ನಿನ ಹೊರ ಅಂಚಿಗೆ, ತಳಕ್ಕೆ ತೆಳ್ಳಗೆ ಸವರಿ. ಅಂಟು ಹಾಕದೆ ಒಳಗಿಟ್ಟು ಎರಡು ಹೋಳನ್ನು ಮೆಲ್ಲಗೆ ಒತ್ತಿ ಬಿಡಿಸಿ. ಪ್ಲಾಸ್ಟಿಕ್ ಮೇಲೆ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲೇ ತಡೆ. ಅಲ್ಲಿ ಮಾತ್ರ ಸ್ವಲ್ಪ ಕೆರೆದು, ಮತ್ತೆ ಸವರಿ, ಮತ್ತೆ ಒತ್ತಿ. ಪ್ರತಿ ಸಲ ಗುರುತು ಬೇರೆ ಕಡೆ ಸರಿಯುತ್ತದೆ. ಮೊದಲ ತಡೆ ಹೋದಮೇಲೆ ತಾನೇ ಎರಡನೆಯದು ಕಾಣುವುದು? ಕೊನೆಗೆ ಕಾಡಿಗೆಯ ಎಣ್ಣೆ ಉಳಿಯದ ಹಾಗೆ ಸೋಪು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ರೆಸಿನ್ ಮೇಲೆ ಇದ್ದರೆ ಅದೂ ಹೋಗುತ್ತದೆ, ಬಣ್ಣ ಹಿಡಿಯುತ್ತದೆ.

ಹ್ಯಾರಿಯರ್‌ನಲ್ಲಿ ನಾನು ಮೊದಲು ಅನುಮಾನ ಪಡುವುದು ತಳವನ್ನು. ಮುಂದಿನ ಚಕ್ರ ಮಡಚಿಕೊಳ್ಳುವ ಗೂಡು ಕಾಕ್‌ಪಿಟ್ಟಿನ ಕೆಳಗೇ ಇದೆ. ಗೂಡಿನ ಚಾವಣಿಗೆ ರೆಸಿನ್ನಿನ ತಳ ತಾಗಿದರೆ ಇಡೀ ಕಾಕ್‌ಪಿಟ್ ಮೇಲಕ್ಕೆ ಏಳುತ್ತದೆ. ಮೇಲೆದ್ದ ಕಡೆ ಫ್ಯೂಸಲಾಜ್ ಕಿರಿದಾಗಿರುತ್ತದೆ, ಬದಿಗಳು ಸಿಕ್ಕಿಕೊಳ್ಳುತ್ತವೆ. ನಾವು ಅಗಲ ಜಾಸ್ತಿ ಅಂದುಕೊಂಡು ಬದಿ ಕೆರೆಯುತ್ತಾ ಕೂರುತ್ತೇವೆ. ಆದ್ದರಿಂದ ಎರಕ ಹೊಯ್ದಾಗ ತಳಕ್ಕೆ ಅಂಟಿಕೊಂಡೇ ಉಳಿದ ರೆಸಿನ್ ದಿಮ್ಮಿಯನ್ನು ಪೂರ್ತಿ ಕತ್ತರಿಸಿ. ಆಮೇಲೆ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಹಾಕಿ ಸಮನಾಗಿ ಉಜ್ಜಿ. ಆಗಾಗ ಬಲ್ಬಿಗೆ ಹಿಡಿದು ನೋಡಿ. ತಳದಿಂದ ಬೆಳಕು ಮಬ್ಬಾಗಿ ಕಾಣತೊಡಗಿದರೆ ಸಾಕು, ನಿಲ್ಲಿಸಿ. ರೆಸಿನ್ ಪುಡಿ ಉಸಿರಿಗೆ ಹೋಗಬಾರದು. ಒಣಗಿದ್ದನ್ನು ಉಜ್ಜಬೇಡಿ, ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಆ ಕೆಸರನ್ನು ಆಗಲೇ ಒರೆಸಿಬಿಡಿ.

ಪ್ಲಾಸ್ಟಿಕ್ ಗೋಡೆ ತೆಳುಮಾಡಲು ಬಾಗಿದ ಅಲಗಿನ ಬ್ಲೇಡ್ ಸಾಕು, ಅಡ್ಡ ಹಿಡಿದು ಹೆರೆಯಿರಿ. ಮೋಟರ್ ಇರುವ ಉಪಕರಣ ಇದ್ದರೆ ಅತಿ ಕಡಿಮೆ ವೇಗದಲ್ಲಿ ಓಡಿಸಿ. ಪಾಲಿಸ್ಟೈರೀನ್ ಬಿಸಿಗೆ ಬೇಗ ಕರಗುತ್ತದೆ, ಕಚ್ಚಿಕೊಂಡರೆ ಹೊರಗಿನ ಮೈಗೂ ಗುಳಿ ಬೀಳುತ್ತದೆ. ಕ್ಯಾನೊಪಿ (ಪೈಲಟ್ ತಲೆಯ ಮೇಲಿನ ಗಾಜಿನಂಥ ಮುಚ್ಚಳ) ಕೂರುವ ಅಂಚಿನ ಹತ್ತಿರ ಜಾಸ್ತಿ ತೆಗೆಯಬೇಡಿ.

ಅಗಲ ಸರಿಹೋದಮೇಲೆ ಉದ್ದದಲ್ಲಿ ಸಂದು ಕಂಡರೆ ಗಾಬರಿ ಬೇಡ. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ, ಹಿಂದಿನ ಗೋಡೆಯ ಬಳಿ ಜಾಗ ಉಳಿಯಬಹುದು. ಪುಟ್ಟಿ ತುರುಕುವುದಕ್ಕಿಂತ ಪ್ಲಾಸ್ಟಿಕ್ ಹಾಳೆಯ ಪಟ್ಟಿ ಕೊಟ್ಟು ಮುಚ್ಚಿ. ಭಾಗವೇ ಸೊಟ್ಟಗಿದ್ದರೆ ಬಿಸಿನೀರಲ್ಲಿ ಮುಳುಗಿಸಿ, ನೆಟ್ಟಗೆ ಮಾಡಿ, ತಣ್ಣೀರಲ್ಲಿ ಹಿಡಿದರೆ ಹಾಗೇ ನಿಲ್ಲುತ್ತದೆ.

ಪ್ಲಾಸ್ಟಿಕ್ ಸಿಮೆಂಟು ರೆಸಿನ್ನನ್ನು ಹಿಡಿಯುವುದಿಲ್ಲ, ಅದು ಪಾಲಿಸ್ಟೈರೀನ್ ಮಾತ್ರ ಕರಗಿಸಿ ಕೂಡಿಸುತ್ತದೆ. ರೆಸಿನ್‌ಗೆ ಸೂಪರ್ ಗ್ಲೂ ಬೇಕು, ಇಲ್ಲವೇ ಅರಾಲ್ಡೈಟ್. ಕಾಕ್‌ಪಿಟ್‌ಗೆ ನನ್ನ ಮತ ಅರಾಲ್ಡೈಟ್‌ಗೆ. ಅದು ಹಿಡಿಯುವ ಮೊದಲು ಅತ್ತಿತ್ತ ಸರಿಸಲು ಸಮಯ ಸಿಗುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರಬ್ಬರ್ ಬ್ಯಾಂಡ್ ಬಿಗಿದು ಬಲವಂತವಾಗಿ ಮುಚ್ಚಬೇಡಿ. ಆ ಎಳೆತ ಒಳಗೇ ಉಳಿಯುತ್ತದೆ, ಬಣ್ಣ ಎಲ್ಲಾ ಮುಗಿದಮೇಲೆ ಕೂಡುಗೆರೆ ಬಿಡಬಹುದು. ಎರಡು ಬೆರಳಿನ ಒತ್ತಿಗೆ ಮುಚ್ಚಿಕೊಳ್ಳುವ ತನಕ ಅಂಟಿನ ಬಾಟಲಿ ತೆರೆಯಬೇಡಿ.

ಅಂಟಿಸುವ ಮೊದಲು ಸೀಟು ಇಟ್ಟು ಕ್ಯಾನೊಪಿ ಹಾಕಿ ನೋಡಲೇಬೇಕು. ಮಾರ್ಟಿನ್ ಬೇಕರ್ ಕಂಪನಿಯ ಇಜೆಕ್ಷನ್ ಸೀಟಿನ ತಲೆ ಗಾಜಿಗೆ ತಾಗುವುದು ತೀರಾ ಸಾಮಾನ್ಯ. ತಾಗಿದರೆ ಸೀಟಿನ ತಳದಿಂದ ತೆಗೆಯಿರಿ, ತಲೆಯಿಂದ ಬೇಡ.

ನಾನಿರುವುದು ಗೋವಾದ ವಾಸ್ಕೋದಲ್ಲಿ. ದಾಬೋಳಿ ಹತ್ತಿರದ ನೌಕಾ ವಿಮಾನ ಮ್ಯೂಸಿಯಂನಲ್ಲಿ ಸೀ ಹ್ಯಾರಿಯರ್ ನಿಂತಿದೆ. 1983ರಲ್ಲಿ ನಮ್ಮ ನೌಕಾಪಡೆಗೆ ಬಂದು, 2016ರಲ್ಲಿ ಇಲ್ಲಿಯ ಐಎನ್‌ಎಸ್ ಹಂಸ ನೆಲೆಯಲ್ಲೇ ಬೀಳ್ಕೊಂಡ ವಿಮಾನ. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ನೇರ ವಾಸ್ಕೋಗೆ ಬರಬಹುದು, ಒಮ್ಮೆ ಬಂದು ನೋಡಿ. ಅದರ ಪಕ್ಕ ನಿಂತಾಗ ಕಾಕ್‌ಪಿಟ್ಟಿನ ಒಳಗೆ ಎಷ್ಟು ಕಾಣುತ್ತದೆ? ಸೀಟಿನ ತಲೆ, ಕ್ಯಾನೊಪಿಯ ಚೌಕಟ್ಟು, ಅಷ್ಟೇ. ನೆಲವೂ ಪಕ್ಕದ ಗೋಡೆಗಳ ಕೆಳಭಾಗವೂ ಕಾಣುವುದೇ ಇಲ್ಲ. ಕ್ಯಾನೊಪಿ ಮುಚ್ಚಿಡುವುದಾದರೆ ಅಲ್ಲಿಂದ ಧಾರಾಳವಾಗಿ ಕೆರೆಯಬಹುದು.

ಸಣ್ಣ ಸಂದುಗಳಿಗೆ ಸೂಪರ್ ಗ್ಲೂ ತುಂಬಿದರೆ ಅದೇ ದಿನ ಉಜ್ಜಿ. ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಪೇಪರ್ ಸುತ್ತಲಿನ ಮೆತ್ತನೆಯ ಭಾಗವನ್ನೇ ತಿನ್ನುತ್ತದೆ. ದೊಡ್ಡ ಸಂದಿಗೆ ಎಂ-ಸೀಲ್ ನಡೆಯುತ್ತದೆ, ಒದ್ದೆ ಬೆರಳಿಂದ ನುಣುಪು ಮಾಡಿ. ಕ್ಯಾನೊಪಿ ಹತ್ತಿರ ಮಾತ್ರ ಸೂಪರ್ ಗ್ಲೂ ಬೇಡ. ಅದರ ಆವಿ ಗಾಜಿನ ಮೇಲೆ ಬಿಳಿ ಮಂಜು ಹಿಡಿಸುತ್ತದೆ. ನಮ್ಮ ಕಡೆಯ ಮಳೆಗಾಲದ ತೇವದಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ. ಅಲ್ಲಿಗೆ ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದೂ ಇಲ್ಲ.

ಸೆಟ್ಟಿನಲ್ಲಿ ರೆಸಿನ್ ನಾಝಲ್ (ಎಂಜಿನ್ನಿನ ಗಾಳಿ ಹೊರಬಿಡುವ ಬಾಯಿ) ಕೂಡ ಬಂದಿದ್ದರೆ ಅವನ್ನು ಕೊನೆಗೆ ಇಟ್ಟುಕೊಳ್ಳಿ. ತೂತಿಗೆ ಕೂರಿಸುವ ಗೂಟ ದಪ್ಪ ಇದ್ದರೆ ಕತ್ತರಿಸಿ, ಬದಲಿಗೆ ಹಿತ್ತಾಳೆ ತಂತಿಯ ಪಿನ್ ಹಾಕಿ. ಅಸಲಿ ವಿಮಾನದಲ್ಲಿ ನಾಲ್ಕೂ ನಾಝಲ್ ಒಟ್ಟಿಗೆ ತಿರುಗುತ್ತವೆ. ಆದ್ದರಿಂದ ನಾಲ್ಕರ ಕೋನವೂ ಒಂದೇ ಇದೆಯಾ ಅಂತ ಪಕ್ಕದಿಂದ ನೋಡಿಕೊಂಡು ಆಮೇಲೆ ಅಂಟಿಸಿ.