ಈಗಿನ ಸೀರಿಯಲ್, ಸಿನಿಮಾ ಹಳೆಯವುಗಳಷ್ಟು ಚೆನ್ನಾಗಿಲ್ಲ ಅಲ್ವಾ? ಮಕ್ಕಳಿಗೆ ಹಳೆಯದನ್ನಷ್ಟೇ ತೋರಿಸಿದರೆ ಸಾಕಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನದೇ ಹಳೆಯ ಮಾತು ಕೇಳಿದ ಹಾಗಾಯಿತು. ಸುಮಾರು ಹತ್ತು ವರ್ಷ ನಾನೂ ಇದನ್ನೇ ಹೇಳಿಕೊಂಡು ಓಡಾಡಿದವನು.

ನಮ್ಮಪ್ಪ ಅರಸೀಕೆರೆಯಲ್ಲಿ ಮೇಷ್ಟ್ರು. ನಾಟಕದ ಹುಚ್ಚು. 1991ರಲ್ಲಿ ದೂರದರ್ಶನದ ಒಂದು ಕನ್ನಡ ಧಾರಾವಾಹಿಯಲ್ಲಿ ಅವರಿಗೆ ಪೋಸ್ಟ್ ಮಾಸ್ಟರ್ ಪಾತ್ರ ಸಿಕ್ಕಿತು. ಒಟ್ಟು 13 ಕಂತು. ಅಪ್ಪ ಬರುತ್ತಿದ್ದದ್ದು ಕೊನೆಯ ಆರು ಕಂತುಗಳಲ್ಲಿ. ಚಿಕ್ಕಪ್ಪ ದುಬೈಯಿಂದ ತಂದಿದ್ದ ವಿಸಿಆರ್‌ನಲ್ಲಿ ಆ ಆರನ್ನೂ ರೆಕಾರ್ಡ್ ಮಾಡಿಟ್ಟೆವು. ಮೂರು ಗಂಟೆಯ ಒಂದೇ ಕ್ಯಾಸೆಟ್. ಮೇಲೆ ಅಮ್ಮನ ಅಕ್ಷರದಲ್ಲಿ ‘ಇವರದು’ ಅಂತ ಚೀಟಿ.

ಇನ್ನು ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳಬೇಕು, ಈಗಿನವರು ಕ್ಯಾಸೆಟ್ ನೋಡಿರುವುದಿಲ್ಲ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಚೂರು ಇರುತ್ತಿತ್ತು. ಅದನ್ನು ಮುರಿದರೆ ಆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಮಾಡಲು ಆಗುತ್ತಿರಲಿಲ್ಲ. ಯಾರೂ ಅಳಿಸದಿರಲಿ ಅಂತ ಅಪ್ಪನೇ ಅದನ್ನು ಮುರಿದಿಟ್ಟಿದ್ದರು. ಆದರೆ ಆ ತೂತಿನ ಮೇಲೆ ಸೆಲೋಟೇಪ್ ಅಂಟಿಸಿದರೆ ಸಾಕು, ರೆಕಾರ್ಡ್ ಆಗುತ್ತದೆ. ನನಗೆ ಅದು ಗೊತ್ತಿತ್ತು.

1996ರ ಮಾರ್ಚ್ 9. ವಿಶ್ವಕಪ್ ಕ್ವಾರ್ಟರ್ ಫೈನಲ್, ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲೇ ಭಾರತ–ಪಾಕಿಸ್ತಾನ. ಅಜಯ್ ಜಡೇಜಾ ವಕಾರ್ ಯೂನಿಸ್‌ಗೆ ಬಾರಿಸಿದ್ದನ್ನು ನೋಡಿ ಮೈಯೆಲ್ಲ ಬಿಸಿಯಾಗಿತ್ತು. ಎರಡನೇ ಇನಿಂಗ್ಸ್ ಆದರೂ ಇಟ್ಟುಕೊಳ್ಳಬೇಕು ಅನಿಸಿತು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಅಂಗಡಿಗೆ ಓಡಿದ್ದರೆ ಹತ್ತು ನಿಮಿಷ. ಓಡಲಿಲ್ಲ. ಸೆಲೋಟೇಪ್ ಕತ್ತರಿಸಿ ಆ ತೂತಿಗೆ ಅಂಟಿಸಿದೆ.

ಅಪ್ಪ ಪಕ್ಕದಲ್ಲೇ ಕೂತಿದ್ದರು. “ಬೇರೆ ಕ್ಯಾಸೆಟ್ ಇಲ್ವೇನೋ?” ಅಂದರು.

“ಅದೇನು ಮಹಾ ಸೀರಿಯಲ್ ಬಿಡಿ ಅಪ್ಪ, ಮತ್ತೆ ಹಾಕ್ತಾರೆ” ಅಂದೆ.

ಅವರು ಮತ್ತೇನೂ ಹೇಳಲಿಲ್ಲ. ವೆಂಕಟೇಶ್ ಪ್ರಸಾದ್ ಸೊಹೇಲ್‌ನ ಸ್ಟಂಪ್ ಹಾರಿಸಿದಾಗ ನನಗಿಂತ ಜೋರಾಗಿ ಕೂಗಿದ್ದು ಅವರೇ.

ಆ ಧಾರಾವಾಹಿಯನ್ನು ಮತ್ತೆ ಹಾಕಲೇ ಇಲ್ಲ. 2004ರಲ್ಲಿ ಅಪ್ಪ ಹೋದರು. ಆಮೇಲೆ ಹುಡುಕದ ಜಾಗವಿಲ್ಲ. ಅದನ್ನು ತೆಗೆದವರ ಮನೆಗೂ ಹೋಗಿ ಬಂದೆ, ಅವರ ಹತ್ತಿರವೂ ಇಲ್ಲ. ಅಲ್ಲಿಂದ ಶುರುವಾಯಿತು ನನ್ನ ಹಾಡು: ಆಗಿನ ಸೀರಿಯಲ್ ಅಂದರೆ ಸೀರಿಯಲ್, ಈಗಿನದೆಲ್ಲ ಕಸ. ಮನೆಗೆ ಬಂದವರ ಮುಂದೆಲ್ಲ ಆ ಧಾರಾವಾಹಿಯನ್ನು ಹೊಗಳಿದ್ದೇ ಹೊಗಳಿದ್ದು.

ಒಂದು ದಿನ ಮಗಳು ಕೇಳಿದಳು: “ಅಷ್ಟು ಚೆನ್ನಾಗಿದ್ದರೆ ಅದರ ಮೇಲೆ ಮ್ಯಾಚ್ ಯಾಕೆ ರೆಕಾರ್ಡ್ ಮಾಡಿದೆ ಅಪ್ಪ?”

ನಿಮ್ಮ ಪ್ರಶ್ನೆಯನ್ನು ನಾನು ಒಪ್ಪದಿರುವುದು ಇಲ್ಲಿಯೇ. 1996ರಲ್ಲಿ ಅದು ನನಗೆ ಸುಮಾರಾದ ಸೀರಿಯಲ್. 2006ರಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸೀರಿಯಲ್ ಬದಲಾಗಿರಲಿಲ್ಲ, ಅಪ್ಪ ಇರಲಿಲ್ಲ, ಅಷ್ಟೇ. ನೀವು ‘ಹಳೆಯದು’ ಅನ್ನುತ್ತಿರುವುದು ಜರಡಿ ಹಿಡಿದು ಉಳಿದ ಕಾಳು. 1972 ಅಂದರೆ ನಮಗೆ ‘ಬಂಗಾರದ ಮನುಷ್ಯ’, ‘ನಾಗರಹಾವು’ ನೆನಪಾಗುತ್ತವೆ. ಅದೇ ವರ್ಷ ಬಂದು ಹೋದ ಬೇರೆಯವು ಎಷ್ಟು ನೆನಪಿವೆ? ಈಗಿನದನ್ನು ಮಾತ್ರ ಹೊಟ್ಟಿನ ಸಮೇತ ನೋಡುತ್ತೀರಿ.

ಸೀರಿಯಲ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ನಿಜ. 13 ವಾರದಲ್ಲಿ ಮುಗಿಯುವ ಕಥೆಗೆ ಒಂದು ಬಿಗಿ ಇತ್ತು. ದಿನಾ ಬರುವ, ಟಿಆರ್‌ಪಿ ಇದ್ದಷ್ಟು ದಿನ ಎಳೆಯುವ ಕಥೆಗೆ ಅದು ಎಲ್ಲಿಂದ ಬರಬೇಕು? ಬರೆಯುವವರು, ನಟಿಸುವವರು ಕಡಿಮೆಯವರಲ್ಲ. ಸಿನಿಮಾ ವಿಷಯದಲ್ಲಿ ಮಾತ್ರ ನಾನು ಒಪ್ಪುವುದೇ ಇಲ್ಲ. 2016ರಲ್ಲಿ ‘ತಿಥಿ’ ಸಿನಿಮಾಗೆ ಮಗಳೇ ನನ್ನನ್ನು ಎಳೆದುಕೊಂಡು ಹೋದಳು. ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ್ದಾರೆ, ಕ್ಯಾಮೆರಾ ಮುಂದೆ ಹಿಂದೆಂದೂ ನಿಲ್ಲದವರು. ಆ ಗಡ್ಡಪ್ಪ ಹೊಲದ ಬದುವಿನ ಮೇಲೆ ಹೋಗುವ ಹಾಗೆ ನಡೆಯುವುದನ್ನು ಯಾವ ಹಳೆಯ ಸಿನಿಮಾದಲ್ಲೂ ನಾನು ಕಂಡಿರಲಿಲ್ಲ. ನಾನು ಒಬ್ಬನೇ ಇದ್ದಿದ್ದರೆ ‘ಹೊಸದು ತಾನೇ’ ಅಂತ ಹೋಗುತ್ತಲೇ ಇರಲಿಲ್ಲ.

ಅಂದ ಹಾಗೆ, ಆ ಮ್ಯಾಚ್ ನಡುವೆ ಕರೆಂಟ್ ಹೋಗಿ ರೆಕಾರ್ಡಿಂಗ್ ನಿಂತಿತ್ತು. ಹಾಗಾಗಿ ಕೊನೆಯ ಕಂತಿನ ಹನ್ನೊಂದು ನಿಮಿಷ ಉಳಿದಿದೆ. ಅಪ್ಪ ಕಾಗದಗಳಿಗೆ ಸೀಲು ಹೊಡೆಯುತ್ತಾರೆ, ಒಂದು ಕಾಗದ ಮಾತ್ರ ಪಕ್ಕಕ್ಕಿಟ್ಟು ಬೆರಳಿನಿಂದ ಅದರ ಮಡಿಕೆ ಸರಿಮಾಡುತ್ತಾರೆ. ಅದು ಯಾರ ಕಾಗದ ಅನ್ನುವುದು ಹಿಂದಿನ ಕಂತಿನಲ್ಲಿತ್ತು. ನನಗೆ ನೆನಪಿಲ್ಲ, ಅಮ್ಮನಿಗೂ ಇಲ್ಲ.

ಹಾಗಾಗಿ ಹೊಸದನ್ನು ಬಂದ್ ಮಾಡಬೇಡಿ. ಹಳೆಯದನ್ನೂ ತೋರಿಸಿ, ಬಲವಂತ ಬೇಡ. ಆದರೆ ಒಳ್ಳೆಯ ಹೊಸ ಕನ್ನಡ ಸಿನಿಮಾ ಬಂತು ಅಂತ ಕಿವಿಗೆ ಬಿದ್ದರೆ ಮೊದಲ ವಾರವೇ ಮಕ್ಕಳನ್ನು ಕರೆದುಕೊಂಡು ಹೋಗಿ. ಒಟಿಟಿಗೆ ಬರುತ್ತೆ ಬಿಡು ಅಂತ ಕೂರಬೇಡಿ. ಅಲ್ಲಿಂದಲೂ ತೆಗೆದುಹಾಕುತ್ತಾರೆ. ಎರಡನೇ ಶುಕ್ರವಾರದ ಹೊತ್ತಿಗೆ ಊರಾಚೆ ಯಾವುದೋ ಥಿಯೇಟರಿನಲ್ಲಿ ಬೆಳಗಿನ ಒಂದೇ ಆಟ ಉಳಿದಿರುತ್ತದೆ.